ತಿರುಗಿಸಿ ಹೊಲಿದ ಕಾಲರ್

ಯಾರನ್ನು ನೋಡಿದರೂ ನನ್ನ ಓರಗಿತ್ತಿಯ ಕಣ್ಣು ಮೊದಲು ಹೋಗುತ್ತಿದ್ದದ್ದು ಕುತ್ತಿಗೆಗೆ. ಮುಖ ಆಮೇಲೆ. ಮನೆಗೆ ಹೊಸಬರು ಬಂದು ಹೋದ ಮೇಲೆ ಮೂಗು ಹೇಗಿತ್ತು, ಬಣ್ಣ ಹೇಗಿತ್ತು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. "ಕಾಲರಿನ ಎಡಗಡೆ ಮೂಲೆ ಸೊಟ್ಟ. ಅವಸರದ ಮನೆ ಕಣೇ" ಎನ್ನುವಳು. ಮುಗಿಯಿತು, ಸಂಬಂಧ ಬೇಡ ಎಂದು ಅರ್ಥ.

ಸಿಪಾಯಿಗಳ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಕಾಲರಿನ ಮಷೀನು. ಅದರ ಪಕ್ಕದ್ದು ನನ್ನದು, ಗುಂಡಿ ತೂರುವ ಕಾಜಾ ಹಾಕುವುದು. ಅಲ್ಲಿ ಯಾರೂ ಪೂರಾ ಅಂಗಿ ಹೊಲಿಯುತ್ತಿರಲಿಲ್ಲ. ತೋಳಿನವಳಿಗೆ ತೋಳು, ಜೇಬಿನವಳಿಗೆ ಜೇಬು. ಕೆಲವು ಭಾಗ ಆಚೆ ಕಟ್ಟಡದಲ್ಲಿ ಆಗುತ್ತಿದ್ದವು. ಎಲ್ಲ ಸೇರಿ ಅಂಗಿಯಾದದ್ದನ್ನು ನಾವು ನೋಡುತ್ತಿದ್ದದ್ದು ಬೀದಿಯಲ್ಲಿ, ಯಾವನೋ ಸಿಪಾಯಿಯ ಮೈಮೇಲೆ. ಕೆಲಸದ ಮೇಲೇ ಅಡ್ಡಹೆಸರೂ ಬೀಳುತ್ತಿತ್ತು. ಅವಳು ಕಾಲರಮ್ಮ, ನಾನು ತೂತಮ್ಮ. "ಒಳ್ಳೇ ಬಟ್ಟೆಗೆ ತೂತು ಕೊರೆದು ಸಂಬಳ ತಗೊಳ್ಳೋಳು ಲೋಕದಲ್ಲಿ ನೀನೊಬ್ಬಳೇ" ಎಂದು ಅವಳು ನನ್ನನ್ನು ಆಡಿಕೊಳ್ಳುತ್ತಿದ್ದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಒಂದೇ ಮನೆ, ಒಂದೇ ಒಲೆ. ಓರಗಿತ್ತಿಯರು ಒಂದೇ ಒಲೆಯಲ್ಲಿ ಬೇಯಿಸಿದರೆ ಹೊಗೆಯೇ ಜಾಸ್ತಿ ಎನ್ನುತ್ತಾರಲ್ಲ, ನಮ್ಮಲ್ಲಿ ಹಾಗಿರಲಿಲ್ಲ. ಜಗಳಕ್ಕೆ ಅವಳಿಗೆ ನನಗಿಂತ ನನ್ನ ಗಂಡನೇ ರುಚಿ.

ಭಾವ ಯುದ್ಧಕ್ಕೆ ಹೋಗಿ ಬಂದವರು. ಕೈಕಾಲು ನೆಟ್ಟಗಿದ್ದವು, ಕಣ್ಣು ಕಿವಿ ನೆಟ್ಟಗಿದ್ದವು. ಕುತ್ತಿಗೆಗೆ ಮಾತ್ರ ಏನೂ ತಗಲಬಾರದು. ಅಂಗಿಯ ಕಾಲರು ತಗಲಿದರೆ ಸಾಕು, ಉಸಿರು ಸಿಕ್ಕಿಹಾಕಿಕೊಂಡವರಂತೆ ಎರಡೂ ಕೈಯಲ್ಲಿ ಹಿಡಿದು ಹರಿಯುತ್ತಿದ್ದರು. ಅಲ್ಲಿ ಏನಾಯಿತು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಅಕ್ಕ ಅವರ ಅಂಗಿಗಳನ್ನೆಲ್ಲ ಮುಂದೆ ಹಾಕಿಕೊಂಡು ಒಂದೊಂದರ ಕಾಲರನ್ನೂ ಬಿಚ್ಚಿ, ಅಂಚು ಮಡಿಸಿ ಹೊಲಿದುಕೊಟ್ಟಳು. ಹಗಲೆಲ್ಲ ಊರವರಿಗೆ ಕಾಲರು ಹಚ್ಚಿ, ಮನೆಗೆ ಬಂದು ಗಂಡನ ಕಾಲರು ಕೀಳುವ ಬಾಳು. ಭಾವ ಅಂಥ ಮೊಂಡು ಕುತ್ತಿಗೆಯ ಅಂಗಿಯಲ್ಲೇ ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ತೀರಿಕೊಂಡರು. ಮಗ ಆಗಿನ್ನೂ ಮಡಿಲಲ್ಲಿ ಕೂರುವ ಕೂಸು.

ಆ ಕೂಸು ಬಳ್ಳಿಯ ಹಾಗೆ ಎದ್ದುಬಿಟ್ಟಿತು. ಬೀದಿಯವರು ಅವನನ್ನು ಉದ್ದ ಎಂದೇ ಕರೆಯುತ್ತಿದ್ದರು. ಕೊಕ್ಕರೆಯಂಥ ಕುತ್ತಿಗೆ. ಊಟಕ್ಕೆ ಕೂತಾಗ ಅಕ್ಕ ಅದನ್ನೇ ನೋಡುತ್ತ ಕೂರುವಳು. ನಮಗೆ ಮಕ್ಕಳಿಲ್ಲ, ಹಾಗಾಗಿ ನಾಲ್ಕು ಕಣ್ಣು ಬೇರೆ ಅವನ ಮೇಲೆ.

ಹುಡುಗರು ಇಪ್ಪತ್ತೊಂದು ತುಂಬಿದರೆ ಸೈನ್ಯಕ್ಕೆ ಹೋಗಲೇಬೇಕು ಎಂದು ಆಗ ಕಾನೂನು. ಸಿಪಾಯಿಯಾಗಿದ್ದು ಸತ್ತವನ ಒಬ್ಬನೇ ಮಗನಾದರೆ ಬಿಡುಗಡೆ ಇತ್ತು. ಅದು ತಾನಾಗಿ ಸಿಗುವುದಲ್ಲ. ತಾಯಿ ಮಗ ಇಬ್ಬರೂ ಭರ್ತಿ ಕಚೇರಿಯ ಕಿಟಕಿಯ ಮುಂದೆ ಒಟ್ಟಿಗೆ ನಿಂತು ಬೇಡ ಎನ್ನಬೇಕು. ಒಬ್ಬರು ಹೋದರೆ ನಡೆಯದು. ಅಕ್ಕನಿಗೆ ಅದರದೇ ಭಯ. "ನಾನು ನಿಲ್ಲುತ್ತೀನಿ. ಇವನು ನಿಲ್ಲುತ್ತಾನಾ?" ಎನ್ನುತ್ತಿದ್ದಳು. ಸಿಪಾಯಿಗಳ ಮೆರವಣಿಗೆ ಬಂದರೆ ಹುಡುಗ ಊಟದ ತಟ್ಟೆ ಬಿಟ್ಟು ಓಡುತ್ತಿದ್ದ.

ಅಷ್ಟರಲ್ಲಿ ಚುನಾವಣೆ ಬಂತು. ನಿಂತವರಲ್ಲಿ ಒಬ್ಬ ಕನ್ನಡಕದವನು. ಓದಿದವನು, ನಿಧಾನಕ್ಕೆ ಮಾತಾಡುವವನು. ಸೈನ್ಯ ಅರ್ಧ ಮಾಡುತ್ತೇನೆ, ಬಲವಂತದ ಭರ್ತಿ ತೆಗೆದುಹಾಕುತ್ತೇನೆ ಎಂದು ಊರೂರಲ್ಲಿ ಹೇಳುತ್ತಿದ್ದ. ಒಂದು ದಿನ ನಮ್ಮ ಕಾರ್ಖಾನೆಗೂ ಬಂದ.

ಬಂದವನು ನೇರ ಅಕ್ಕನ ಮಷೀನಿನ ಹತ್ತಿರ ಬಂದು ಅವಳ ಸ್ಟೂಲಿನ ಮೇಲೆ ಕೂತ. ಕಾಲರು ಹೀಗೆ ನೆಟ್ಟಗೆ ನಿಲ್ಲುವುದಕ್ಕೆ ಒಳಗೆ ಏನಿಡುತ್ತೀರಿ ಎಂದು ಕೇಳಿದ. ಅವಳು ಬಕ್ರಂ ಎನ್ನುವ ಗಡಸು ಬಟ್ಟೆಯ ತುಂಡು ಕೈಗೆ ಕೊಟ್ಟಳು. ಅವನು ಅದನ್ನು ಮಡಿಸಿ, ಬಿಟ್ಟು, ಮತ್ತೆ ಮಡಿಸಿ ನೋಡಿದ. ಆಮೇಲೆ ಸೂಜಿ ನೋಡಲು ಬಗ್ಗಿದ. ಬಗ್ಗಿದಾಗ ಅವನ ಕಾಲರಿನ ಒಳಮೈ ಅವಳಿಗೆ ಕಂಡಿತು.

"ಅಮ್ಮಾ, ನಿಮ್ಮ ಮಗನಿಗೂ ಹೊಲಿದಿಡ್ತೀರಾ ಇಂಥದ್ದು?" ಎಂದು ಕೇಳಿದ.

"ಇಂಥ ಕಾಲರು ನನ್ನ ಮಗನ ಕುತ್ತಿಗೆಗೆ ಬರೋದು ಬೇಡ ಸಾರ್" ಎಂದಳು ಅಕ್ಕ. "ಅವರಪ್ಪನಿಗೆ ಹಾಕಿದ್ದೇ ಸಾಕು. ಇದೇ ಮಷೀನಲ್ಲಿ ಸ್ಕೂಲು ಮಕ್ಕಳ ಅಂಗಿ ಹೊಲಿಸಿ, ಪುಣ್ಯ ಬರುತ್ತೆ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಆ ಸಂಜೆ ಬಯಲಿನಲ್ಲಿ ಭಾಷಣ ಮಾಡುವಾಗ ಅದೇ ಮಾತು ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕಾಲರು ಹೊಲಿಯುವ ತಾಯಿಯೊಬ್ಬಳು ಹೀಗೆಂದಳು, ನಾನು ಗೆದ್ದರೆ ಅವಳ ಮಷೀನಿನಲ್ಲಿ ಸ್ಕೂಲು ಮಕ್ಕಳ ಅಂಗಿ ಹೊಲಿಸುತ್ತೇನೆ ಎಂದ. ಜನ ಅತ್ತರು. ಅಕ್ಕ ಅಳಲಿಲ್ಲ, ನನ್ನ ಮೊಣಕೈ ಚಿವುಟಿ "ಕಂಡೆಯಾ?" ಎಂದಳು.

ಅವತ್ತಿನಿಂದ ಮನೆಯಲ್ಲಿ ಶುರುವಾಯಿತು ನೋಡಿ. ನನ್ನ ಗಂಡ ಲಾರಿಗಳನ್ನು ತೂಕ ಹಾಕುವ ಕಡೆ ಕೆಲಸ ಮಾಡುತ್ತಿದ್ದವರು. ಅವರಿಗೆ ಎಲ್ಲವೂ ತೂಕವೇ.

"ಅತ್ತಿಗೆ, ಆ ಕನ್ನಡಕದವನಿಗೆ ಬುದ್ಧಿ ಇಲ್ಲ ಅನ್ನಲ್ಲ ನಾನು. ಬುದ್ಧಿ ಇದ್ದು ಸೈನ್ಯ ಕಡಿಮೆ ಮಾಡ್ತೀನಿ ಅಂತಾನಲ್ಲ, ಅದಕ್ಕೇ ನನಗೆ ಅನುಮಾನ. ಬೇಲಿ ಕಿತ್ತು ಹೊಲ ಕಾಯ್ತೀನಿ ಅಂದ ಹಾಗಾಯ್ತು."

"ಬೇಲಿ ಬೇಡ ಅಂದೋರು ಯಾರಪ್ಪಾ? ಬೇಲಿಗೆ ನನ್ನ ಮನೆ ಗೂಟಾನೇ ಬೇಕಾ ಅಂತ ನಾನು ಕೇಳೋದು. ಒಂದು ಗೂಟ ಕೊಟ್ಟಾಯ್ತಲ್ಲ."

"ಪಕ್ಕದ ದೇಶದೋನು ನಿಮ್ಮ ಗೂಟ ಎಣಿಸ್ಕೊಂಡು ಕೂರ್ತಾನಾ? ಶಕ್ತಿ ಇದ್ದೋನ ಹತ್ರ ಎಲ್ಲರೂ ಸಂಭಾವಿತರೇ. ಹೋಗಲಿ, ಅವನ ಗುಣ ಎಂಥದು ಅಂತ ನಿಮಗೆ ಹೇಗೆ ಗೊತ್ತು? ಒಂದು ಗಳಿಗೆ ಸ್ಟೂಲ್ ಮೇಲೆ ಕೂತಿದ್ದ, ಅಷ್ಟೇ."

"ಕಾಲರು ನೋಡಿದೆ ನಾನು."

"ಬಂತಪ್ಪ ಕಾಲರು!"

"ನಗಬೇಡ. ಅವನ ಕಾಲರು ತಿರುಗಿಸಿ ಹೊಲಿದದ್ದು. ಮೇಲೆ ಹೊಸದರ ಹಾಗೆ ಕಾಣುತ್ತೆ, ಅಡಿಯಲ್ಲಿ ಜುಂಜು ಎದ್ದಿದೆ." ಕುತ್ತಿಗೆ ಉಜ್ಜಿ ಉಜ್ಜಿ ಕಾಲರು ಸವೆದಾಗ, ಕೈಯಲ್ಲಿ ಹಿಡಿತ ಇರುವ ಮನೆಯವರು ಅದನ್ನು ಬಿಚ್ಚಿ, ಸವೆದ ಮೈ ಅಡಿಗೆ ಹೋಗುವ ಹಾಗೆ ತಿರುಗಿಸಿ ಮತ್ತೆ ಹೊಲಿಯುತ್ತಾರೆ. ಅಂಗಿಗೆ ಇನ್ನೊಂದು ಆಯುಸ್ಸು. "ಅಷ್ಟು ದೊಡ್ಡ ಮನುಷ್ಯ, ಇನ್ನೊಂದು ಅಂಗಿ ತರೋಕಾಗಲ್ವಾ? ತಿರುಗಿಸಿ ಹಾಕ್ಕೊಂಡಿದಾನೆ. ಬಟ್ಟೆ ಉಳಿಸೋನು ಜೀವಾನೂ ಉಳಿಸ್ತಾನೆ ಕಣಪ್ಪ. ಹೊಲಿಗೆ ಏನು ಚೆಂದ ಅಂತೀಯಾ, ಹೆಂಡತಿ ಕೈ ಇರಬೇಕು."

"ನಾಳೆ ಒಬ್ಬ ಚಡ್ಡಿಗೆ ತೇಪೆ ಹಾಕ್ಕೊಂಡು ಬಂದರೆ ಅವನ ಹೆಸರಿಗೆ ದೇಶಾನೇ ಬರೆದುಕೊಡಿ ಅತ್ತಿಗೆ!"

ಗೋಡೆಗೆ ಒರಗಿ ಕೂತ ಉದ್ದ ನಗುತ್ತಿದ್ದ. ಕಾರ್ಖಾನೆಯಲ್ಲೂ ಊಟದ ಹೊತ್ತಿಗೆ ಇದೇ ಚರ್ಚೆ. ಜೇಬಿನವಳು ಅವನು ಹೇಡಿ ಎನ್ನುವಳು, ತೋಳಿನವಳು ಜಾಣ ಎನ್ನುವಳು, ಅಕ್ಕ ಕಾಲರಿನ ಕಥೆ ಹೇಳಿ ಇಬ್ಬರ ಬಾಯಿಯನ್ನೂ ಮುಚ್ಚಿಸುವಳು. ನಮಗೆಲ್ಲ ಬಟ್ಟೆ ಕತ್ತರಿಸಿ ಕೊಡುತ್ತಿದ್ದ ಕಟಿಂಗ್ ಮಾಸ್ಟರು ಮಾತ್ರ ಆ ಕಥೆ ಬಂದಾಗಲೆಲ್ಲ ಎದ್ದು ಕೈತೊಳೆಯಲು ಹೋಗುತ್ತಿದ್ದರು. ಅವರಿಗೆ ರಾಜಕೀಯ ಹಿಡಿಸುವುದಿಲ್ಲ ಎಂದುಕೊಂಡಿದ್ದೆವು. ಅಕ್ಕನಿಗೆ ಮೊದಲು ಮಷೀನು ತುಳಿಯಲು ಕಲಿಸಿದ್ದು ಅವರೇ. ಭಾವ ಹೋದಾಗ ಮೊದಲು ಬಂದು ಬಾಗಿಲಲ್ಲಿ ನಿಂತವರೂ ಅವರೇ.

ಅಕ್ಕ ಬೀದಿಯ ಮನೆಮನೆಗೂ ಹೋದಳು. ಗಂಡುಮಕ್ಕಳಿದ್ದ ಒಂದು ಬಾಗಿಲನ್ನೂ ಬಿಡಲಿಲ್ಲ. ನನ್ನನ್ನು ನಂಬಿ, ನಾನು ಹತ್ತಿರದಿಂದ ನೋಡಿದೀನಿ ಎಂದಳು. ಅವಳನ್ನು ನಂಬದವರಿರಲಿಲ್ಲ. ಕನ್ನಡಕದವನು ಗೆದ್ದ.

ಗೆದ್ದ ಸ್ವಲ್ಪ ದಿನಕ್ಕೇ ನಮ್ಮ ಮೇಜಿಗೆ ಹೊಸ ಬಟ್ಟೆ ಬಂತು. ಬಣ್ಣ ಬೇರೆ, ಬೂದಿಗೆ ಹಸಿರು ಕಲಸಿದ ಹಾಗೆ. ಕತ್ತರಿಸಿದ ಕಾಲರಿನ ಕಟ್ಟು ಬಿಚ್ಚಿದ ಅಕ್ಕ ಒಂದನ್ನು ಎತ್ತಿ ತನ್ನ ಅಂಗೈಗೆ ಸುತ್ತಿ ನೋಡಿದಳು. ಸಣ್ಣ ಅಳತೆ. ತೆಳ್ಳಗಿನ, ಇನ್ನೂ ಬಲಿಯದ ಕುತ್ತಿಗೆಯ ಅಳತೆ.

"ತೂತಮ್ಮಾ, ಇಲ್ಲಿ ನೋಡೇ! ಸ್ಕೂಲು ಅಂಗಿ! ಹೇಳಿದ ಹಾಗೇ ಮಾಡಿಬಿಟ್ಟ ಪುಣ್ಯಾತ್ಮ!"

"ಹೌದಾ ಮಾಸ್ಟ್ರೇ?" ಎಂದು ನಾನು ಕೂಗಿ ಕೇಳಿದೆ.

"ಹೊಲಿಯಿರಮ್ಮಾ, ಹೊಲಿಯಿರಿ" ಎಂದರು ಮಾಸ್ಟರು. ಕತ್ತರಿಯಿಂದ ಕಣ್ಣೆತ್ತಲಿಲ್ಲ.

ಅಷ್ಟು ಮುತುವರ್ಜಿಯಿಂದ ಅವಳು ಕಾಲರು ಹೊಲಿದದ್ದನ್ನು ನಾನು ನೋಡಿರಲಿಲ್ಲ. ಮಕ್ಕಳ ಕುತ್ತಿಗೆಗೆ ಚುಚ್ಚಬಾರದೆಂದು ಮೂಲೆಗಳನ್ನು ಉಗುರಿನಿಂದ ತಿದ್ದಿ ತಿದ್ದಿ ದುಂಡಗೆ ಮಾಡುತ್ತಿದ್ದಳು. ಹೊಲಿಯುತ್ತ ಗುನುಗುವಳು. ಬೀದಿಗೆಲ್ಲ ಸುದ್ದಿ ಹೇಳಿದಳು. ಸೈನ್ಯದ ಬಟ್ಟೆ ನಿಂತೇ ಹೋಯಿತಂತೆ ಎಂದು ತಾಯಂದಿರು ನಮ್ಮ ಬಾಗಿಲಿಗೆ ಬಂದು ಕೇಳಿ ಖಾತ್ರಿ ಮಾಡಿಕೊಂಡು ಹೋದರು.

ಆಮೇಲೆ ಗಡಿಯಲ್ಲಿ ಗಲಾಟೆ ಎಂದು ಸುದ್ದಿ ಬರತೊಡಗಿತು. ಒಂದು ಮಧ್ಯಾಹ್ನ ಮಷೀನು ನಿಲ್ಲಿಸಿ ಎಲ್ಲರೂ ರೇಡಿಯೋ ಕೇಳಬೇಕು ಎಂದರು. ಕನ್ನಡಕದವನ ದನಿ, ಅದೇ ನಿಧಾನ. ಕಾಲ ಬದಲಾಗಿದೆ, ದೇಶದ ಬಲ ಎರಡರಷ್ಟಾಗಬೇಕು, ಇನ್ನು ಮೇಲೆ ಹದಿನೆಂಟು ತುಂಬಿದ ಹುಡುಗರೆಲ್ಲ ಭರ್ತಿಯಾಗಬೇಕು ಎಂದ. ನಮ್ಮ ಉದ್ದನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಅಕ್ಕನ ಬಾಯಲ್ಲಿ ದಾರದ ತುದಿ ಇತ್ತು, ಹಾಗೇ ಉಳಿಯಿತು.

"ಕಾಲರು ಹೊಲಿಯುವ ತಾಯಿಯೊಬ್ಬರು ಒಮ್ಮೆ ನನ್ನ ಕೈಹಿಡಿದು ಹೇಳಿದರು" ಎಂದಿತು ರೇಡಿಯೋ. "ಈ ಕಾಲರು ನನ್ನ ಮಗನ ಕುತ್ತಿಗೆಗೂ ಬರಲಿ ಎಂದರು. ಅಂಥ ತಾಯಂದಿರಿರುವ ದೇಶ ಇದು."

ಚಪ್ಪಾಳೆ ರೇಡಿಯೋದಲ್ಲಿ ಮೊದಲು ಬಂತು, ಆಮೇಲೆ ನಮ್ಮ ಕಾರ್ಖಾನೆಯಲ್ಲಿ. ಜೇಬಿನವಳು ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು. ಅಂದು ಅದೇ ಮೇಜಿನ ಪಕ್ಕ ನಿಂತು ಅಕ್ಕನ ಮಾತನ್ನು ಕಿವಿಯಾರೆ ಕೇಳಿದ್ದವಳು ಅವಳು! "ನಾನು ಹಾಗೆ ಅಂದೆನಾ? ನೀನೇ ಹೇಳೇ" ಎಂದಳು ಅಕ್ಕ. "ಹಾಗೋ ಹೀಗೋ, ಒಟ್ಟಲ್ಲಿ ನಿನ್ನ ನೆನಪಿಟ್ಟುಕೊಂಡಿದಾರಲ್ಲೇ! ನಮ್ಮನ್ಯಾರು ಕೇಳ್ತಾರೆ?" ಎಂದಳು ಜೇಬಿನವಳು.

ಅಕ್ಕ ಮುಂದಿದ್ದ ಸಣ್ಣ ಕಾಲರುಗಳ ರಾಶಿ ನೋಡಿದಳು. ಎದ್ದು ಮಾಸ್ಟರ ಮೇಜಿಗೆ ಹೋದಳು. ನಾನು ಹಿಂದೆಯೇ ಹೋದೆ.

"ಇದು ಸ್ಕೂಲಿಂದಲ್ಲ."

ಮಾಸ್ಟರು ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆ ಒರೆಸತೊಡಗಿದರು.

"ಗಡಿ ಗಲಾಟೆ ಆಗಿದ್ದು ಈಗ. ಬಟ್ಟೆ ಬಂದಿದ್ದು ಯಾವಾಗ ಮಾಸ್ಟ್ರೇ? ನಿಮಗೆ ಗೊತ್ತಿತ್ತು."

"ಭುಜದ ಪಟ್ಟಿ ಆಚೆ ಕಟ್ಟಡಕ್ಕೆ ಕೊಟ್ಟಿದ್ದೆ. ಸ್ಕೂಲು ಅಂಗಿಗೆ ಭುಜದ ಪಟ್ಟಿ ಯಾಕಮ್ಮಾ? ಬಾಯಿಬಿಡಬಾರದು ಅಂತ ಮೇಲಿಂದ ಹೇಳಿದ್ದರು." ಅವರು ಕತ್ತರಿಯನ್ನು ಅತ್ತಿತ್ತ ಸರಿಸಿದರು. ಆಮೇಲೆ ತಾವಾಗಿಯೇ ಹೇಳಿದರು. "ಇನ್ನೊಂದಿದೆ ತಾಯೀ. ಆ ಕನ್ನಡಕದವನು ಇಲ್ಲಿಗೆ ಬರೋ ಹಿಂದಿನ ದಿನ ಅವನ ಕಡೆಯೋರು ಒಂದು ಹೊಚ್ಚ ಹೊಸ ಅಂಗಿ ತಂದುಕೊಟ್ಟರು. ಕಾಲರು ಬಿಚ್ಚಿ, ಕಲ್ಲಿಗೆ ಉಜ್ಜಿ, ತಿರುಗಿಸಿ ಹೊಲಿ ಅಂದರು. ಹೊಲಿಗೆ ಕೆಲಸದೋರು ಕುತ್ತಿಗೆ ನೋಡ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರಂತೆ."

ಅಕ್ಕ ಅವರ ಮುಖ ನೋಡಲಿಲ್ಲ, ಕೈ ನೋಡಿದಳು. "ಅದು ನಿಮ್ಮ ಹೊಲಿಗೆಯಾ? ಹೆಂಡತಿ ಕೈ ಅಂತ ಊರೆಲ್ಲ ಸಾರಿಕೊಂಡು ಬಂದೆನಲ್ಲ ಮಾಸ್ಟ್ರೇ. ಹೊಲಿಗೆ ಕಲಿಸಿದೋರ ಕೈ ನನಗೆ ಗುರುತು ಸಿಗಲಿಲ್ಲವಲ್ಲ."

ಆ ದಿನದಿಂದ ಅವರ ಹತ್ತಿರ ಬಟ್ಟೆಯ ಕಟ್ಟು ತೆಗೆದುಕೊಳ್ಳುತ್ತಿದ್ದಳೇ ಹೊರತು ಒಂದು ಮಾತಾಡಿದವಳಲ್ಲ.

ಮನೆಗೆ ಬಂದರೆ ಬಾಗಿಲ ತುಂಬ ಜನ. ಅಕ್ಕನ ಮಾತು ಕೇಳಿ ಮತ ಹಾಕಿದ ತಾಯಂದಿರು ಒಂದು ಕಡೆ ಗರಬಡಿದ ಹಾಗೆ ನಿಂತಿದ್ದರು. ಗಂಡಸರು ಉದ್ದನ ಭುಜ ತಟ್ಟುತ್ತಿದ್ದರು. ಅವನ ಕುತ್ತಿಗೆ ಇನ್ನೂ ಉದ್ದವಾದ ಹಾಗಿತ್ತು. ಜನ ಕರಗಿದ ಮೇಲೆ ಅವನು ಕೇಳಿದ.

"ನೀನು ನಿಜವಾಗಲೂ ಹಾಗಂದೆಯಾ ಅಮ್ಮಾ?"

"ಇಲ್ಲ. ಬೇಡ ಅಂದೆ. ಮೊದಲ ಸಲ ಬಯಲಲ್ಲಿ ಅವನೇ ಹೇಳಿದ್ದನಲ್ಲೋ, ನೀನೂ ಕೇಳಿದ್ದೆ."

ಅವನು ಕಾಲಬೆರಳಿನಿಂದ ನೆಲ ಕೆರೆದ. "ನನಗೆ ನೆನಪಿದೆ. ಆದ್ರೆ ಈಗ ಹೊರಗೆ ಹೇಳಬೇಡ. ಎಲ್ಲರೂ ನನ್ನನ್ನ ಕಾಲರಮ್ಮನ ಮಗ ಅಂತ ಮಾತಾಡಿಸ್ತಿದಾರೆ. ಇಷ್ಟು ದಿನ ಬರೀ ಉದ್ದ ಆಗಿದ್ದೆ."

ಈ ಮಾತಿಗೆ ನನ್ನ ಗಂಡನೇ ಸಿಡಿದರು. "ಲೋ, ಬಿಡುಗಡೆ ಇದೆಯಲ್ಲೋ ನಿನಗೆ! ಇಬ್ಬರೂ ನಾಳೆ ಹೋಗಿ ಬೇಡ ಅಂದು ಬನ್ನಿ."

"ದೇಶಕ್ಕೆ ಶಕ್ತಿ ಬೇಕು ಅಂತಿದ್ದೋರು ನೀವೇ ಅಲ್ವಾ ಚಿಕ್ಕಪ್ಪಾ?"

"ಅಂದೆ ಕಣಪ್ಪಾ. ಅದಕ್ಕೆ ನೀನೇ ಹೋಗಬೇಕು ಅಂದೆನಾ?"

"ಬೇಲಿ ಬೇಲಿ ಅಂತಿದ್ದೆಯಲ್ಲಪ್ಪಾ" ಎಂದಳು ಅಕ್ಕ ಒಲೆಯ ಕಡೆಯಿಂದ. "ಗೂಟ ಯಾರ ಮನೆಯದು ಅಂದುಕೊಂಡಿದ್ದೆ?" ಅವರಿಬ್ಬರ ಜಗಳದ ರುಚಿ ಅವತ್ತಿಗೆ ಮುಗಿಯಿತು.

ಬೆಳಿಗ್ಗೆ ಉದ್ದ, "ನೀನು ಮುಂದೆ ಹೋಗಿರು ಅಮ್ಮಾ, ಬರ್ತೀನಿ" ಎಂದ. ನಾನೂ ಅಕ್ಕನ ಜೊತೆ ಹೋದೆ. ಭರ್ತಿ ಕಚೇರಿಯಲ್ಲಿ ಉದ್ದನೆಯ ಬೆಂಚು, ಜಾಲರಿಯ ಕಿಟಕಿ, ಆಚೆ ಒಬ್ಬ ಬೋಳುತಲೆಯ ಗುಮಾಸ್ತ. ಅಕ್ಕ ಯಾರೆಂದು ಗೊತ್ತಾಗಿ ಎದ್ದು ನಿಂತ.

"ನಿನ್ನೆ ರೇಡಿಯೋದಲ್ಲಿ ಬಂದಿದ್ದು ನಿಮ್ಮ ಮಾತೇ ಅಲ್ವಾ ತಾಯೀ? ನಮ್ಮನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು."

"ನಾನು ಹಾಗಂದಿಲ್ಲ. ನನ್ನ ಮಗನನ್ನ ಬಿಟ್ಟುಬಿಡಿ."

"ಅವರು ಸುಳ್ಳು ಹೇಳ್ತಾರಾ? ತಾಯಿಕರುಳು, ಈಗ ಹಿಂದೇಟು ಹಾಕ್ತಿದೆ ಅಷ್ಟೇ. ಆಗಲಿ, ಕಾನೂನು ಕಾನೂನೇ. ಮಗ ಬಂದು ಪಕ್ಕದಲ್ಲಿ ನಿಲ್ಲಲಿ, ಬೇಡ ಅನ್ನಲಿ, ಬಿಡ್ತೀನಿ."

ಬೆಂಚಿನ ಮೇಲೆ ಕೂತೆವು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅಕ್ಕ ಏಳುವಳು. ಬಂದವನ ಕುತ್ತಿಗೆ ನೋಡಿ ಮತ್ತೆ ಕೂರುವಳು. ನಮ್ಮ ಪಕ್ಕ ಕೂತಿದ್ದ ತಾಯಿ ಮಗ ಕಿಟಕಿಗೆ ಹೋಗಿ ಬೇಡ ಎಂದು ಹೇಳಿ ಕೈಕೈ ಹಿಡಿದು ಹೊರಗೆ ಹೋದರು. ಬಿಸಿಲು ನೆಲದ ಮೇಲಿಂದ ಗೋಡೆ ಹತ್ತಿತು. ಗುಮಾಸ್ತ ಕಿಟಕಿ ಎಳೆದುಕೊಂಡ. ಉದ್ದ ಬರಲಿಲ್ಲ.

"ಬಾರಕ್ಕಾ" ಎಂದೆ.

"ಆ ಕನ್ನಡಕದವನು ಸುಳ್ಳು ಹೇಳಿದ್ದಕ್ಕೆ ನನಗೆ ಅಷ್ಟು ಹೊಟ್ಟೆ ಉರಿಯಲ್ಲ ಕಣೇ. ಅವನ್ಯಾರೋ. ಇವನಿಗೆ ನಿಜ ಗೊತ್ತಿತ್ತಲ್ಲ" ಎಂದಳು.

ಉದ್ದ ಹೋದ. ತರಬೇತಿ ಮುಗಿಸಿ, ಹೊರಡುವ ಮೊದಲು ಅವನನ್ನು ಸಮವಸ್ತ್ರದಲ್ಲೇ ಕಾರ್ಖಾನೆಗೆ ಕರೆತಂದರು, ಪೇಪರಿನವರು ಜೊತೆಗೆ. ಅವಳ ಮಷೀನಿನ ಮುಂದೆ ಮಗನನ್ನು ನಿಲ್ಲಿಸಿ, ತಾಯಿ ತನ್ನ ಕೈಯಾರೆ ಕಾಲರು ಸರಿಪಡಿಸುವ ಫೋಟೋ ಬೇಕು ಎಂದರು. ಅಕ್ಕ ಎದ್ದಳು. ಅವನ ಕುತ್ತಿಗೆಗೆ ಕೈ ಹಾಕಿದಳು. ಮೂಲೆಗಳು ದುಂಡಗಿದ್ದವು, ಅವಳೇ ತಿದ್ದಿದ್ದು. ಸ್ಕೂಲು ಮಕ್ಕಳಿಗೆಂದು.

"ನಾನು ಬರಲಿ ಅಂದಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾನು ಬೇಡ ಅಂದಿದ್ದು. ಬೇಡ ಅಂದಿದ್ದು ನಾನು."

ಫೋಟೋ ತೆಗೆಯುವವನು ಕ್ಯಾಮೆರಾದಿಂದ ಕಣ್ಣು ಸರಿಸದೆ, ಬಹಳ ಮರ್ಯಾದೆಯಿಂದ, "ಹೇಳಿ ಅಮ್ಮಾ, ಏನು ಬೇಕಾದರೂ ಹೇಳಿ, ಪರವಾಗಿಲ್ಲ. ಫೋಟೋದಲ್ಲಿ ಮಾತು ಬರಲ್ಲ" ಎಂದ. ಹೇಳುತ್ತಿರುವಾಗಲೇ ಒತ್ತಿದ.

ಅದು ಎಲ್ಲ ಕಡೆ ಬಂತು. ಮಗನ ಕಾಲರು ಹಿಡಿದ ತಾಯಿ, ತೆರೆದ ಬಾಯಿ. ಹರಸುತ್ತಿರುವ ತಾಯಿ ಎಂದು ಕೆಳಗೆ ಬರೆದಿದ್ದರು. ಕಾರ್ಖಾನೆಯ ಗೋಡೆಗೂ ಒಂದನ್ನು ಹಾಕಿದರು. ಅಕ್ಕ ಮರುದಿನವೇ ಮಷೀನು ಬದಲಿಸಿ ಕೊಡಿ ಎಂದು ಕೇಳಿ ಪ್ಯಾಂಟಿನ ಅಂಚು ಮಡಿಸುವ ಕಡೆ ಹೋಗಿ ಕೂತಳು, ಗೋಡೆಗೆ ಬೆನ್ನು ಹಾಕಿ. ಕೆಲಸ ಬದಲಾದರೂ ಅಡ್ಡಹೆಸರು ಬದಲಾಗಲಿಲ್ಲ. ಬೀದಿಯ ಕೆಲವು ತಾಯಂದಿರು ಅವಳು ಎದುರಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅವರ ಮಕ್ಕಳಲ್ಲಿ ಗಡಿಯಿಂದ ಮರಳಿ ಬಾರದವರಿದ್ದರು. ಅವಳು ಆ ಬಾಗಿಲುಗಳ ಮುಂದೆ ನಿಂತು, ತಟ್ಟದೆ, ಮುಂದೆ ಹೋಗುತ್ತಿದ್ದಳು.

ಉದ್ದ ಬಂದ. ಏನೂ ಆಗದೆ ಬಂದ, ಸೈನ್ಯದಲ್ಲೇ ಉಳಿದು ಮೇಲೇರಿದ. ರಜೆಗೆ ಬಂದಾಗ ತಾಯಿಗೆ ಹಣ್ಣು, ಹೊದಿಕೆ, ಔಷಧಿ ತರುತ್ತಿದ್ದ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವನ ಮನೆಯಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿಸಿ ಹಾಕಿದ್ದ. ಬಂದವರಿಗೆಲ್ಲ, "ನಾನು ಹೊರಡೋ ದಿನ ನಮ್ಮಮ್ಮ" ಎಂದು ಕಥೆ ಹೇಳುವನು. ಹೇಳಿ ಹೇಳಿ ಅವನಿಗೂ ಅದೇ ನಿಜವಾಗಿಹೋಗಿತ್ತು. ಅಕ್ಕ ಒಂದೇ ಸಲ ಆ ಮನೆಗೆ ಹೋದದ್ದು. ಬಂದ ಮೇಲೆ, "ಅಲ್ಲಿ ಗೋಡೆ ಮೇಲೆ ಯಾರೋ ಇದಾಳೆ ಕಣೇ, ನನ್ನ ಹಾಗೇ ಇದಾಳೆ" ಎಂದಳು.

ಅಕ್ಕ ತೀರಿಕೊಳ್ಳುವ ಹೊತ್ತಿಗೆ ನನ್ನ ಗಂಡನೂ ಇರಲಿಲ್ಲ. ಉದ್ದ ಬಂದ, ತಲೆ ನರೆತಿತ್ತು. ಆ ಫೋಟೋವನ್ನೇ ತಂದು ಹಜಾರದ ಗೋಡೆಗೆ ಮೊಳೆ ಹೊಡೆಯುತ್ತಿದ್ದ.

"ಇದು ಬೇಡ ಕಣಪ್ಪಾ" ಎಂದೆ.

"ಯಾಕೆ ಚಿಕ್ಕಮ್ಮಾ? ಅಮ್ಮ ಮಾತಾಡ್ತಿರೋ ಫೋಟೋ ಇದೊಂದೇ ಇರೋದು."

"ಏನು ಮಾತಾಡ್ತಿದ್ದಳು ಹೇಳು. ನೀನು ಅಲ್ಲೇ ಇದ್ದೆ. ಅವಳ ಕೈ ನಿನ್ನ ಕುತ್ತಿಗೆಯಲ್ಲಿತ್ತು."

ಅವನು ಫೋಟೋ ನೋಡಿದ. ಸುತ್ತಿಗೆ ಕೈಯಲ್ಲೇ ಇತ್ತು. ಒಂದು ಸಲ ತುಟಿ ಅಲುಗಿತು, ಹೇಳುತ್ತಾನೆ ಎಂದುಕೊಂಡೆ. ಅಂಗಿಯ ಕಾಲರಿನ ಗುಂಡಿ ಬಿಚ್ಚಿಕೊಂಡು, "ಸೆಕೆ ಚಿಕ್ಕಮ್ಮಾ" ಎಂದ. ಫೋಟೋವನ್ನು ಮೊಳೆಗೆ ತಗುಲಿಸಿ, ಸೊಟ್ಟ ಇದೆಯಾ ಎಂದು ನನ್ನನ್ನೇ ಕೇಳಿದ.